ಬಲಗಣ್ಣು ಮುಚ್ಚಿದಾಗ

"ಎಷ್ಟು ಬೆರಳ ಅದಾವ ಹೇಳ್ರಿ ಕಾಕೂ?"

ಡಾಕ್ಟರ್ ಅಕ್ಷತಾ ಅನಸವ್ವನ ಬಲಗಣ್ಣಿಗೆ ಕರಿ ಮುಚ್ಚಳ ಹಿಡಿದು, ಎಡಗಣ್ಣಿನ ಮುಂದೆ ಮೂರು ಬೆರಳು ತೋರಿಸಿದ್ದರು.

"ಮೊದಲ ಲೈಟ್ ಹಚ್ರಿ ಬಾಯಾರ," ಎಂದಳು ಅನಸವ್ವ.

ಲೈಟು ಹತ್ತಿಯೇ ಇತ್ತು. ಜಮಖಂಡಿಯ ಆ ಕಣ್ಣಿನ ದವಾಖಾನೆಯ ಕಿಟಕಿಯಿಂದ ಹನ್ನೊಂದರ ಬಿಸಿಲೂ ಒಳಗೆ ಬಿದ್ದಿತ್ತು. ಬಾಗಿಲ ಬಳಿ ಕೂತಿದ್ದ ಗಂಡ ಗೂಳಪ್ಪ ನಗಲು ಹೊರಟವನು, ಡಾಕ್ಟರ ಮುಖ ನೋಡಿ ಸುಮ್ಮನಾದ. ಗಂಡ ಹೆಂಡತಿ ಬನಹಟ್ಟಿಯಿಂದ ಬಂದದ್ದು ಅವಳ ಚಷ್ಮಾದ ನಂಬರು ಬದಲಿಸಿಕೊಳ್ಳಲು, ಅಷ್ಟೇ. ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋಗಿ ಮಗ್ಗಕ್ಕೆ ಕೂಡುವುದೆಂದು ಇಬ್ಬರೂ ಲೆಕ್ಕ ಹಾಕಿದ್ದರು.

"ಲೈಟ್ ಹತ್ತೇತ್ರಿ ಕಾಕೂ. ಈ ಕಣ್ಣಿಗೆ ಏನೂ ಕಾಣಸೂದಿಲ್ಲೇನು?"

ಅನಸವ್ವ ಡಾಕ್ಟರ ಕೈಯಲ್ಲಿದ್ದ ಮುಚ್ಚಳವನ್ನು ಸರಿಸಿ ಲೈಟಿನ ಕಡೆ ನೋಡಿದಳು. ಅವಳಿಗೂ ಆ ವಿಷಯ ಗೊತ್ತಾದದ್ದು ಆಗಲೇ.

ಅದು ಹೇಗೆ ಗೊತ್ತಾಗಲಿಲ್ಲ ಎಂದು ಯಾರಾದರೂ ಕೇಳಿಯಾರು. ಮಗ್ಗದ ಉದ್ದನೆಯ ಎಳೆಗಳ ಹಾಸು ಮುಗಿಯುತ್ತ ಬಂದಾಗ, ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಅನಸವ್ವ ನೆರೆಮನೆಯ ರುಕ್ಮವ್ವನ ಜೊತೆ ಹರಟೆ ಹೊಡೆಯುತ್ತಲೇ ಅಷ್ಟನ್ನೂ ಕೂಡಿಸಿ ಏಳುವವಳು. ಆ ಕೆಲಸದಲ್ಲಿ ಬೆರಳೇ ಎಲ್ಲ, ಕಣ್ಣಿಗೆ ಹೆಚ್ಚಿನ ಪಾಲಿಲ್ಲ. ಉಳಿದ ಕೆಲಸವನ್ನು ಬಲಗಣ್ಣು ಒಂದೇ ತೂಗಿಸಿಕೊಂಡು ಬಂದಿತ್ತು. "ನಮ್ಮಕಿ ಕಣ್ಣ ಮುಚ್ಚಿ ಎಳಿ ಕೂಡಸ್ತಾಳ" ಎಂದು ಗೂಳಪ್ಪ ಬಂದ ಬಂದವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ. ಪಾಪ, ಹೆಮ್ಮೆಯಿಂದಲೇ ಹೇಳುತ್ತಿದ್ದ.

ಡಾಕ್ಟರು ಎರಡೂ ಕಣ್ಣಿಗೆ ಹನಿ ಹಾಕಿ, ಅರ್ಧ ತಾಸು ಕೂಡಿಸಿ, ಯಂತ್ರಕ್ಕೆ ಗದ್ದ ಇಡಿಸಿ ಬಹಳ ಹೊತ್ತು ನೋಡಿದರು.

"ಸಕ್ಕರಿ ರೋಗ ಬಂದು ಎಷ್ಟು ವರ್ಷ ಆತು?"

"ಹನ್ನೊಂದು," ಎಂದ ಗೂಳಪ್ಪ.

"ವರ್ಷಕ್ಕೊಮ್ಮೆ ಕಣ್ಣ ತೋರಸ್ರಿ ಅಂತ ಯಾರೂ ಹೇಳಲಿಲ್ಲೇನು?"

ಇಲ್ಲ ಎನ್ನಬಹುದಿತ್ತು. ಗೂಳಪ್ಪ ಹಾಗೆನ್ನಲಿಲ್ಲ.

"ಸಕ್ಕರಿ ಡಾಕ್ಟ್ರು ಎರಡು ವರ್ಷದ ಹಿಂದನ ಚೀಟಿ ಬರದು ಕೊಟ್ಟಿದ್ರು. ಹನಿ ಹಾಕಿದ್ರ ದಿನಾ ಪೂರ್ತಿ ಮಂಜಾಗತೈತಿ, ಮಗ್ಗ ನಿಲ್ಲತೈತಿ ಅಂತ ನಾನ ಬ್ಯಾಡ ಅಂದೆ. ದೀಪಾವಳಿ ಸೀರಿ ಮುಗೀಲಿ ಅಂದೆ. ಆಮ್ಯಾಲೆ ಮದುವಿ ಸೀರಿ ಬಂದ್ವು. ಸಕ್ಕರಿ ಹತೋಟಿಯೊಳಗ ಐತಿ ಅಂತ ರಿಪೋರ್ಟ್ ಬಂದಿತ್ರಿ, ಮತ್ತ ಕಣ್ಣಿಗೇನಾಗತೈತಿ ಅಂದೆ."

"ಎಡಗಣ್ಣಿನ ಒಳಗಿನ ಪರದೆ ಕಿತ್ತು ಭಾಳ ದಿನ ಆಗೇತಿ," ಎಂದರು ಡಾಕ್ಟರು. "ಅದು ತಿರುಗಿ ಬರೂದಿಲ್ಲ. ಬಲಗಣ್ಣಾಗೂ ರಕ್ತ ಸೋರಾಕ ಹತ್ತೇತಿ. ಅದನ್ನ ಉಳಿಸಿಕೊಳ್ಳೂಣು. ಸೋಮವಾರ ಲೇಸರ್ ಮಾಡ್ತೀನಿ. ಈ ಸಲ ಮುಂದ ಹಾಕಬ್ಯಾಡ್ರಿ."

"ಆವಾಗ ಕರಕೊಂಡು ಬಂದಿದ್ರ?" ಎಂದ ಗೂಳಪ್ಪ.

ಡಾಕ್ಟರು ಚೀಟಿ ಬರೆಯುತ್ತಲೇ ಇದ್ದರು.

"ಹೇಳ್ರಿ, ಬಂದಿದ್ರ ಉಳೀತಿತ್ತೇನು?"

"ಉಳಿಯೂ ಸಾಧ್ಯತೆ ಭಾಳ ಇತ್ತು, ಕಾಕಾ," ಎಂದರು ಅವರು, ತಲೆ ಎತ್ತದೆ.

ಎರಡು ವರ್ಷದಲ್ಲಿ ನೇಯ್ದ ಸೀರೆಗಳೆಲ್ಲ ಯಾರ್‍ಯಾರ ಮೈಮೇಲೋ ಇದ್ದವು. ಅವುಗಳಲ್ಲಿ ಒಂದರ ಬಣ್ಣವೂ ಗೂಳಪ್ಪನಿಗೆ ನೆನಪಾಗಲಿಲ್ಲ.

"ಅವರಿಗೇನೂ ಅನ್ನಬ್ಯಾಡ್ರಿ ಬಾಯಾರ," ಎಂದಳು ಅನಸವ್ವ. "ಒಂದಿನಾ ನೋವ ಅನಲಿಲ್ಲ ನಾನು. ಅವರಿಗೆ ಹೆಂಗ ತಿಳೀಬೇಕು?"

ಬೈದಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

ದವಾಖಾನೆಯ ಹೊರಗೆ ಬಿಸಿಲು ಸುಡುತ್ತಿತ್ತು. ಹನಿ ಹಾಕಿದ ಕಣ್ಣು ತೆರೆಯಲಾರದೆ ಅನಸವ್ವ ಸೆರಗನ್ನು ಹಣೆಯ ಮೇಲೆಳೆದುಕೊಂಡಳು. ಗೂಳಪ್ಪ ಅವಳನ್ನು ಔಷಧದ ಅಂಗಡಿಯ ನೆರಳಿನಲ್ಲಿ ನಿಲ್ಲಿಸಿ, ಗುಳಿಗೆ ತೆಗೆದುಕೊಂಡು ಬಂದು, ಪಕ್ಕದಲ್ಲಿ ನಿಂತ. ರಸ್ತೆಯ ಮೇಲೆ ಟ್ರ್ಯಾಕ್ಟರೊಂದು ಸದ್ದು ಮಾಡುತ್ತ ಹೋಯಿತು.

"ರೀ," ಎಂದಳು ಅನಸವ್ವ, ಬಲಕ್ಕೆ ಹೊರಳಿ. "ಎಲ್ಲಿ ಹ್ವಾದ್ರಿ?"

ಗೂಳಪ್ಪ ಅವಳ ಎಡಕ್ಕೆ ಒಂದು ಮೊಳದ ಅಂತರದಲ್ಲಿದ್ದ. ಅವಳು ಬಲಗೈ ಮುಂದೆ ಚಾಚಿ, ಯಾರೂ ಇಲ್ಲದ ಕಡೆ ಅವನನ್ನು ಹುಡುಕುತ್ತಿದ್ದಳು.