ಮುತ್ತಲಗಟ್ಟಿ ಚೇಂಬರಿನ ಸಿಕ್ಕಾ

ನಾನು ಒಂದು ಸಿಕ್ಕಾ. ಮಸಿ ಹಚ್ಚಿ ಒತ್ತುವ ರಬ್ಬರಿನ ಸಿಕ್ಕಾ ಅಲ್ಲ. ನನ್ನ ಮೈ ಕಬ್ಬಿಣದ್ದು, ದವಡೆಗಳು ಹಿತ್ತಾಳೆಯವು. ನಡುವೆ ಕಾಗದವಿಟ್ಟು ಮೇಲಿನ ಹಿಡಿಕೆಯನ್ನು ಒತ್ತಿದರೆ ಕಾಗದದ ಮೇಲೆ ಅಕ್ಷರಗಳು ಉಬ್ಬಿ ಏಳುತ್ತವೆ. ನೀರು ಬಿದ್ದರೆ ಮಸಿ ಹರಡುತ್ತದೆ. ನಾನು ಎಬ್ಬಿಸಿದ ಅಕ್ಷರ ಕಣ್ಣಿಲ್ಲದವರ ಬೆರಳಿಗೂ ಸಿಗುತ್ತದೆ. ಇದು ನನಗೆ ಬಹಳ ಕಾಲ ಹೆಮ್ಮೆಯ ಸಂಗತಿಯಾಗಿತ್ತು.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಎರಕದ ಅಂಗಡಿಯಲ್ಲಿ. ಒಬ್ಬ ಮುದುಕ ಭೂತಗನ್ನಡಿ ಹಿಡಿದು ಎರಡು ದಿನ ಕೂತು ನನ್ನ ದವಡೆಯಲ್ಲಿ ‘ಮುತ್ತಲಗಟ್ಟಿ ವಾಣಿಜ್ಯ ಸಂಘ’ ಎಂದು ತಿರುವುಮುರುವಾಗಿ ಕೊರೆದ. ನಡುವೆ ಒಂದು ಸಣ್ಣ ಮಗ್ಗವನ್ನೂ ಕೊರೆದ. ಸಂಘದ ಕಾರ್ಯದರ್ಶಿ ಹಂಚಿನಾಳ ಮಾಸ್ತರರು ನನ್ನನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದರು.

ಸಂಘವನ್ನು ಊರಿನವರು ಚೇಂಬರ್ ಎನ್ನುತ್ತಿದ್ದರು. ಎರಡು ಕೋಣೆ, ಒಂದು ಉದ್ದ ಮೇಜು. ಗೂಡ್ಸ್ ಗಾಡಿ ನಮ್ಮ ಸ್ಟೇಷನ್ನಿನಲ್ಲಿ ನಿಲ್ಲಬೇಕೆಂಬ ಅರ್ಜಿ ಇಲ್ಲಿಂದಲೇ ಹೋಗುತ್ತಿತ್ತು. ತೂಕದ ಜಗಳ ಕೋರ್ಟಿಗೆ ಹೋಗುವ ಮೊದಲು ಈ ಮೇಜಿಗೆ ಬರುತ್ತಿತ್ತು. ಬೇಸಿಗೆಯಲ್ಲಿ ನಲ್ಲಿ ನಿಂತರೆ ಹೆಂಗಸರು ಕೊಡ ಹಿಡಿದು ಮೊದಲು ಚೇಂಬರಿನ ಮೆಟ್ಟಿಲ ಮೇಲೇ ಬಂದು ಕೂರುತ್ತಿದ್ದರು.

ಆದರೆ ನನ್ನ ಮುಖ್ಯ ಕೆಲಸ ಜಮಖಾನೆಗಳದ್ದು. ಮುತ್ತಲಗಟ್ಟಿಯ ಹೆಂಗಸರು ಗೋಡೆಗೆ ಮಗ್ಗ ನಿಲ್ಲಿಸಿ, ಮನೆಯೊಳಗೇ ಕೂತು ಜಮಖಾನೆ ನೇಯುತ್ತಿದ್ದರು. ಅವು ಹೊರದೇಶಕ್ಕೆ ಹೋಗಬೇಕಾದರೆ ‘ಇದು ಮುತ್ತಲಗಟ್ಟಿಯಲ್ಲೇ ಕೈಯಿಂದ ನೇಯ್ದದ್ದು’ ಎಂಬ ಪ್ರಮಾಣಪತ್ರ ಬೇಕು. ಅದರ ಮೇಲೆ ನನ್ನ ಗುರುತು ಏಳಬೇಕು.

ಮಾಸ್ತರರು ಒಂದು ಪದ್ಧತಿ ಹಾಕಿದ್ದರು. ಪ್ರತಿ ಬುಧವಾರ ನೇಕಾರರ ಓಣಿಯಿಂದ ಜೈತೂನಬಿ ಬರುತ್ತಿದ್ದಳು. ಅವಳಿಗೆ ಓದು ಬಾರದು. ವ್ಯಾಪಾರಿ ತಂದ ಮಾದರಿಯನ್ನು ಮೇಜಿನ ಮೇಲೆ ಹಾಸಿ, ಅಂಚಿನ ಗಂಟುಗಳನ್ನು ಮುಟ್ಟಿ, ಮಗುಚಿ, ಮತ್ತೆ ಮುಟ್ಟಿ, “ನಮ್ದ ಐತಿ” ಎನ್ನಬೇಕು. ಆಮೇಲಷ್ಟೇ ನನ್ನ ಹಿಡಿಕೆಗೆ ಕೈ.

“ಮಾಸ್ತರ, ನಿಮಗ ಚಸ್ಮಾ ಹಾಕ್ಕೊಂಡ್ರೂ ಕಾಣೂದಿಲ್ಲ. ನನಗ ಕಣ್ಣ ಮುಚ್ಚಿದ್ರೂ ಕಾಣತೈತಿ,” ಎಂದು ಅವಳು ರೇಗಿಸುತ್ತಿದ್ದಳು.

“ಅದಕ್ಕ ನಿನ್ನ ಕರ್ಸೂದವಾ. ನನ್ನ ಕಣ್ಣ ಬರೇ ಪುಸ್ತಕಕ್ಕ,” ಎನ್ನುತ್ತಿದ್ದರು ಮಾಸ್ತರರು.

ಕೆಲಸ ಮುಗಿದ ಮೇಲೆ ಅವಳು ಕಾಗದದ ಮೇಲೆ ಎದ್ದ ಮಗ್ಗವನ್ನು ಬೆರಳಿನಿಂದ ಒಮ್ಮೆ ಸವರಿ ಹೋಗುತ್ತಿದ್ದಳು.

ಮಾಸ್ತರರು ತೀರಿಕೊಂಡರು. ಅವರ ಜಾಗಕ್ಕೆ ಬಂದ ಪ್ರಭಾವತಿ ಬಿ.ಕಾಂ. ಓದಿದವಳು. ನನ್ನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬಾಗಿಲ ತನಕ ಹೋಗಿ, ತಿರುಗಿ ಬಂದು ಬೀಗ ಎಳೆದು ನೋಡುತ್ತಿದ್ದಳು. ಇಂಥವಳ ಕೈಯಲ್ಲಿ ನನಗೆ ಭಯವಿಲ್ಲ ಎಂದುಕೊಂಡಿದ್ದೆ.

ಒಂದು ಬುಧವಾರ ನಾಗೇಂದ್ರಪ್ಪ ಎಂಬ ವ್ಯಾಪಾರಿ ಒಂದು ಮಾದರಿ ತಂದ. ಅವನು ಸಂಘದ ಅಧ್ಯಕ್ಷ ರುದ್ರಗೌಡರಿಗೆ ಬೀಗರಾಗಬೇಕು; ಗೌಡರೂ ಅಂದು ಮೇಜಿನ ಬಳಿ ಕೂತಿದ್ದರು. ಆರುನೂರು ಜಮಖಾನೆಗಳ ಲಾರಿ ಹೊರಗೆ ನಿಂತಿತ್ತು. ಜೈತೂನಬಿ ಮಾದರಿಯ ಅಂಚಿಗೆ ಕೈ ಹಾಕಿದವಳೇ ನಕ್ಕಳು.

“ನಮ್ದ ಐತಿ. ಇದು ನನ್ನ ಶಮೀಮನ ಕೈ. ನೋಡ್ರಿ, ಮೂಲ್ಯಾಗ ಹಸರ ಎಳಿ ಬಿಟ್ಟಾಳ.”

ಶಮೀಮ ಅವಳ ಮಗಳು. ತಾಯಿ ಆ ಹಸಿರು ಎಳೆಯನ್ನು ಮತ್ತೆ ಮತ್ತೆ ಸವರುತ್ತಿದ್ದಳು. ಬೇರೇನನ್ನೂ ಯೋಚಿಸಲಿಲ್ಲ.

ಯೋಚಿಸಿದವಳು ಪ್ರಭಾವತಿ. ಶಮೀಮ ಮದುವೆಯಾಗಿ ಸೊಲ್ಲಾಪುರಕ್ಕೆ ಹೋಗಿ ಎರಡು ವರ್ಷವಾಗಿತ್ತು. ಅವಳು ನೇಯ್ದದ್ದು ಈಗಿನ ಸರಕಿನಲ್ಲಿ ಹೇಗೆ ಬಂತು? ಬಟ್ಟೆಯಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಇದು ಎಂದೋ ಕೊಂಡು ಪೆಟ್ಟಿಗೆಯಲ್ಲಿಟ್ಟ ಜಮಖಾನೆ. ಹಾಗಾದರೆ ಲಾರಿಯಲ್ಲಿರುವುದು ಯಾವುದು?

“ಸಾವ್ಕಾರ್ರ, ಲಾರ್ಯಾಗಿನ ಒಂದೆರಡು ಗಂಟು ಬಿಚ್ಚಿಸಿ ನೋಡೋಣೇನ್ರಿ?” ಎಂದಳು. ದನಿ ಸಣ್ಣದಾಗಿತ್ತು.

“ಬಾಯಾರ, ಲಾರಿ ನಿಂತದ,” ಎಂದರು ಅಧ್ಯಕ್ಷರು. “ಜೈತೂನಬಿ ಚಾಚಿ ಹೇಳಿದ್ದು ಕೇಳಿಸ್ತಲ್ಲ? ಇನ್ನ ಮ್ಯಾಲ ನಿಮ್ಮದೇನು?”

ನಾಗೇಂದ್ರಪ್ಪ ನಗುತ್ತ, “ನಮ್ಮ ಮ್ಯಾಲ ವಿಶ್ವಾಸ ಇಲ್ಲಂದ್ರ ಚಾಚಿ ಮ್ಯಾಲಾದ್ರೂ ಇಡ್ರಿ,” ಎಂದ.

ಪ್ರಭಾವತಿಯ ಬೆರಳುಗಳು ನನ್ನ ಹಿಡಿಕೆಯ ಮೇಲೆ ಬಂದವು. ಒಂದು ಕ್ಷಣ ನಿಂತವು. ಆಮೇಲೆ ಒತ್ತಿದಳು. ನಾನು ಅಕ್ಷರಗಳನ್ನು ಎಬ್ಬಿಸಿದೆ. ಅಂದಿನಷ್ಟು ಸ್ಪಷ್ಟವಾಗಿ ಅವು ಎಂದೂ ಎದ್ದಿರಲಿಲ್ಲ.

ನಾಲ್ಕು ತಿಂಗಳಿಗೆ ಹೊರದೇಶದಿಂದ ಪತ್ರ ಬಂತು. ಸರಕು ಯಂತ್ರದ್ದು. ಇನ್ನು ಮುಂದೆ ಮುತ್ತಲಗಟ್ಟಿ ಚೇಂಬರಿನ ಪ್ರಮಾಣಪತ್ರವನ್ನು ನಂಬುವುದಿಲ್ಲ. ಒಬ್ಬರು ಬರೆದದ್ದನ್ನು ನೋಡಿ ಉಳಿದ ಖರೀದಿದಾರರೂ ಕೈಬಿಟ್ಟರು.

ಕಾರ್ಯಕಾರಿ ಸಮಿತಿ ಸೇರಿತು. ತಾಸುಗಟ್ಟಲೆ ಮಾತಾಡಿ ಒಂದೇ ವಾಕ್ಯದ ಠರಾವು ಮಾಡಿತು: ‘ನೇಕಾರ್ತಿ ಜೈತೂನಬಿಯು ಮಾದರಿಯನ್ನು ಸ್ಥಳೀಯವೆಂದು ಗುರುತಿಸಿದ ಮೇರೆಗೆ ಪ್ರಮಾಣಪತ್ರ ನೀಡಲಾಗಿದೆ.’ ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಪ್ರಭಾವತಿ ಅದನ್ನು ದುಂಡಗೆ ಬರೆದಳು. ಶಮೀಮಳ ಹೆಸರು ಬರೆಯಲಿಲ್ಲ, ನುಸಿಗುಳಿಗೆಯ ವಾಸನೆಯನ್ನೂ ಬರೆಯಲಿಲ್ಲ. ಅದರ ಮೇಲೂ ನನ್ನನ್ನು ಒತ್ತಿದಳು.

ಠರಾವಿನ ಪ್ರತಿಯನ್ನು ಹೊರಗಿನ ಹಲಗೆಗೆ ಅಂಟಿಸಿದರು. ನೇಕಾರರ ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಂತವು. ಹೆಂಗಸರು ಉಳ್ಳಾಗಡ್ಡಿ ಆರಿಸುವ ಕೂಲಿಗೆ ಹೋದರು. ಮಗ್ಗದ ಕಂಬಗಳ ಮೇಲೆ ಸೀರೆ ಒಣಗತೊಡಗಿದವು. ಜೈತೂನಬಿ ನಲ್ಲಿಗೆ ಬಂದರೆ ಮಾತು ನಿಲ್ಲುತ್ತಿತ್ತಂತೆ. ಇದನ್ನು ಚೇಂಬರಿನ ಕಸ ಗುಡಿಸುವ ದ್ಯಾಮವ್ವ ಪ್ರಭಾವತಿಗೆ ಹೇಳುತ್ತಿದ್ದಳು. “ಎಷ್ಟ ರೊಕ್ಕ ತಿಂದು ಹೇಳಿದ್ಲೋ ಅಂತಾರ್ರೀ ಬಾಯಾರ.” ಪ್ರಭಾವತಿ ಕಪಾಟಿನ ಬೀಗ ಎಳೆದು ನೋಡುತ್ತಿದ್ದಳು.

ಆಮೇಲೆ ಬುಧವಾರಗಳು ಖಾಲಿ ಬಂದವು. ಪ್ರಮಾಣಪತ್ರಗಳು ಕಂಪ್ಯೂಟರಿಗೆ ಹೋದವು. ಯಾರೂ ದುರುಪಯೋಗ ಮಾಡಬಾರದೆಂದು ಸಮಿತಿ ಒಬ್ಬ ಕಮ್ಮಾರನನ್ನು ಕರೆಸಿ, ಅರದಿಂದ ನನ್ನ ದವಡೆಯ ಅಕ್ಷರಗಳನ್ನು ಉಜ್ಜಿಸಿತು. ಮಗ್ಗವೂ ಹೋಯಿತು. ಹಿತ್ತಾಳೆಯ ಪುಡಿಯನ್ನು ದ್ಯಾಮವ್ವ ಗುಡಿಸಿದಳು. ನನ್ನನ್ನು ಗುಜರಿಗೆ ಹಾಕದೆ ಕಪಾಟಿನ ಕೆಳಗಿನ ಹಲಗೆಗೆ ಸರಿಸಿದವಳು ಪ್ರಭಾವತಿ.

ಅವಳು ನಿವೃತ್ತಳಾಗುವ ದಿನ ಜೈತೂನಬಿಗೆ ಹೇಳಿಕಳಿಸಿದಳು. ಒಂಬತ್ತು ವರ್ಷದ ನಂತರ ಆ ಮುದುಕಿ ಚೇಂಬರಿನ ಮೆಟ್ಟಿಲು ಹತ್ತಿದಳು. ಒಳಗೆ ಬಂದವಳು ಕೂರಲಿಲ್ಲ.

“ಚಾಚಿ, ಒಂದು ಪತ್ರ ಬರ್ದೀನಿ. ಆವತ್ತು ನೀವು ಹೇಳಿದ್ದು ಖರೆ ಅದ. ಬಟ್ಟಿ ಹಳೇದಂತ ನನಗ ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ. ಅಷ್ಟ ಬರ್ದೀನಿ. ನಿಮ್ಮ ಓಣಿಯವರಿಗೆ ತೋರಿಸ್ರಿ.”

ಪ್ರಭಾವತಿ ನನ್ನನ್ನು ಕೆಳಗಿನಿಂದ ಎತ್ತಿದಳು. ಧೂಳು ಒರೆಸಿದಳು. ನನ್ನಲ್ಲಿ ಅಕ್ಷರವಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಮ್ಮಾರ ಉಜ್ಜುವಾಗ ದೀಪ ಹಿಡಿದು ನಿಂತವಳೇ ಅವಳು. ಆದರೂ ಪತ್ರವನ್ನು ದವಡೆಗಳ ನಡುವೆ ಇಟ್ಟು, ಎರಡೂ ಕೈಯಿಂದ, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು. ನಾನೂ ನನ್ನ ಶಕ್ತಿಯೆಲ್ಲ ಹಾಕಿದೆ.

ಜೈತೂನಬಿ ಕಾಗದ ತೆಗೆದುಕೊಂಡು ಹಿಂದಿನಂತೆ ಬೆರಳಾಡಿಸಿದಳು. ಮಗುಚಿ ಇನ್ನೊಮ್ಮೆ ಆಡಿಸಿದಳು.

“ಇಲ್ಲೇನೂ ಇಲ್ಲಲ್ಲ ತಂಗಿ.”

ಪ್ರಭಾವತಿ ನನ್ನ ದವಡೆಯ ಸವೆದ ಹಿತ್ತಾಳೆಯನ್ನು ಬೆರಳಿನಿಂದ ಒರೆಸಿದಳು.

“ಆವತ್ತ ಅಕ್ಷರ ಎಷ್ಟ ಚಂದ ಎದ್ದಿದ್ವು,” ಎಂದು ಜೈತೂನಬಿ ಪತ್ರವನ್ನು ಮೇಜಿನ ಮೇಲೆ ಬಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು.

ಈಗ ನಾನು ಆ ಪತ್ರದ ಮೇಲೆ ಕೂತಿದ್ದೇನೆ. ಗಾಳಿಗೆ ಕಾಗದ ಹಾರದಿರಲೆಂದು ಪ್ರಭಾವತಿ ಹಾಗೆ ಇಟ್ಟು ಹೋದಳು. ನನ್ನ ದವಡೆಗೆ ಬಂದ ಕಾಗದಗಳೆಲ್ಲ ಒಂದೇ ತೂಕದವು. ಯಾವುದು ನಿಜ, ಯಾವುದು ಸುಳ್ಳು ಎಂದು ಹೇಳುವ ಕಣ್ಣನ್ನು ಹುಬ್ಬಳ್ಳಿಯ ಆ ಮುದುಕ ನನಗೆ ಕೊರೆಯಲಿಲ್ಲ. ಅದಕ್ಕೆಂದೇ ಮಾಸ್ತರರು ಮೇಜಿನ ಬಳಿ ಇನ್ನೊಬ್ಬಳನ್ನು ಕೂರಿಸಿದ್ದರು. ಅವಳು ಕೂರುತ್ತಿದ್ದ ಕುರ್ಚಿ ಈಗಲೂ ಎದುರಿಗಿದೆ. ಅದರ ಮೇಲೆ ಹಳೆಯ ಫೈಲುಗಳನ್ನು ಪೇರಿಸಿದ್ದಾರೆ.