ಗೋಡೆಗೂ ನೋವಾಗುತ್ತೆ

ನಾನು ಆಸ್ಪತ್ರೆಯಲ್ಲಿ ನರ್ಸು. ನೋವು ಮುಚ್ಚಿಡೋರನ್ನ ದಿನಾ ನೋಡ್ತೀನಿ. ಆದ್ರೆ ಪಕ್ಕದ ಮನೇಲಿ ನೋಡಿದ್ದು ನೆನೆಸ್ಕೊಂಡ್ರೆ ಈಗ್ಲೂ ಮೈಯೆಲ್ಲಾ ಉರಿಯುತ್ತೆ.

ಪಕ್ಕದ ಮನೆ ಬಸ್ ಡ್ರೈವರ್ ಮಗಳು ಫುಟ್‌ಬಾಲ್ ಆಡ್ತಾಳೆ. ಬೀದೀಲಲ್ಲ, ದೇಶದ ಮಹಿಳಾ ಲೀಗ್‌ನ ಮೊದಲ ದರ್ಜೆಯಲ್ಲಿ! ಗೋಲ್‌ಕೀಪರ್. ಏನೇ ಬಂದ್ರೂ ತಡೀತಾಳೆ ಅಂತ ಜೊತೆಯವರು ‘ಗೋಡೆ’ ಅಂತಲೇ ಕರೀತಾರೆ. ಅವಳನ್ನ ಆಟಕ್ಕೆ ಕಳಿಸೋವಾಗ್ಲೇ ಅವಳಪ್ಪ ಷರತ್ತು ಹಾಕಿದ್ರು: “ಪೆಟ್ಟು ಮಾಡ್ಕೊಂಡು ಬಂದ ದಿನ ಆಟ ಬಂದ್.”

ಸೋಮವಾರ ಬೆಳಿಗ್ಗೆ ಸಕ್ಕರೆ ಕೇಳೋಕೆ ಹೋದೆ. ಹುಡುಗಿ ಅಡುಗೆಮನೆ ಕಿಟಕಿ ಮುಚ್ಚಿ, ಕತ್ತಲಲ್ಲಿ ನಿಂತಿದ್ಲು. ನಾನು ಲೈಟ್ ಹಾಕಿದ್ದೇ ಕಣ್ಣು ಮುಚ್ಕೊಂಡ್ಲು.

“ಅಕ್ಕಾ, ಇವತ್ತು ಯಾವ ವಾರ?”

“ಸೋಮವಾರ ಕಣೇ.”

ಸಕ್ಕರೆ ಅಂತ ಡಬ್ಬಿ ಕೊಟ್ಲು. ಒಳಗೆ ನೋಡಿದ್ರೆ ಉಪ್ಪು.

“ಅಕ್ಕಾ, ಇವತ್ತು ಯಾವ ವಾರ?”

ನಾನು ಡಬ್ಬಿ ಕೆಳಗಿಟ್ಟೆ. “ನಿಜ ಹೇಳು, ತಲೆಗೆ ಪೆಟ್ಟು ಬಿತ್ತಾ?”

ಅವಳು ಬಾಗಿಲ ಕಡೆ ನೋಡಿ ಪಿಸುಗುಟ್ಟಿದ್ಲು. “ನಿನ್ನೆ ಗೋಲ್ ಕಂಬಕ್ಕೆ ಬಡೀತು ಅಕ್ಕಾ. ಒಂದು ಗಳಿಗೆ ಏನೂ ಕಾಣ್ಲಿಲ್ಲ. ಕೋಚ್ ಐಸ್ ಇಟ್ಟು, ಏಳು ಏಳು ಅಂದ್ರು. ಎದ್ದು ಆಡಿದೆ. ದಮ್ಮಯ್ಯ, ಅಪ್ಪಂಗೆ ಹೇಳ್ಬೇಡಿ. ಈ ಭಾನುವಾರ ಗೆದ್ರೇನೇ ನಾವು ಲೀಗ್‌ನಲ್ಲಿ ಉಳಿಯೋದು.”

“ತಲೆ ಗಟ್ಟಿ ಇದೆ ಅಂತ ಬಂಡೆಗೆ ಚಚ್ಕೊಳ್ತಾರೇನೇ?” ಅಂದೆ. ಆದ್ರೆ ನನ್ನ ಸಿಟ್ಟು ಅವಳ ಮೇಲಲ್ಲ. ಗಂಡಸರ ಪಂದ್ಯ ಅಂದ್ರೆ ಮೈದಾನದ ಅಂಚಲ್ಲಿ ಡಾಕ್ಟರು, ಆಂಬುಲೆನ್ಸು ಎಲ್ಲಾ ಸಿದ್ಧ. ಈ ಹೆಣ್ಣುಮಕ್ಕಳಿಗೆ ಒಂದು ಐಸ್ ಚೀಲ! ಇವರ ತಲೆ ಏನು ಬಿಟ್ಟಿ ಬಿದ್ದಿದೆಯಾ?

“ಏನದು ಗುಸುಗುಸು?” ಅಂತ ಅವಳಪ್ಪ ಯೂನಿಫಾರ್ಮ್ ಗುಂಡಿ ಹಾಕ್ಕೊಳ್ತಾ ಬಂದ್ರು. ನಾನು ಎಲ್ಲಾ ಹೇಳಿದೆ.

“ಅವತ್ತೇ ಬಡ್ಕೊಂಡೆ ನಾನು! ಮುಗೀತು. ಇವತ್ತಿಂದ ಆಟ ಬಂದ್.”

“ನಂಗೇನೂ ಆಗಿಲ್ಲಪ್ಪಾ, ಅಕ್ಕ ಸುಮ್ನೆ ಹೇಳ್ತಿದಾರೆ” ಅಂದೋಳು, ಮಾತು ಮುಗಿಯೋ ಮೊದ್ಲೇ ಸಿಂಕ್ ಮೇಲೆ ಬಗ್ಗಿ ವಾಂತಿ ಮಾಡಿದ್ಲು.

“ಸ್ವಲ್ಪ ಸುಮ್ನಿರಿ ಅಣ್ಣಾ!” ಅಂದೆ ನಾನು. “ತಲೆ ಸುತ್ತುತ್ತಿದ್ರೆ ನೀವು ಬಸ್ ಓಡಿಸ್ತೀರಾ?”

“ಛೇ, ಬಸ್ಸಲ್ಲಿ ಜನ ಇರ್ತಾರಲ್ಲಮ್ಮಾ! ಡಿಪೋದಲ್ಲಿ ಹೇಳಿ ರಜ ಹಾಕ್ತೀನಿ.”

“ಹೇಳಿದ್ರೆ ಕೆಲಸದಿಂದ್ಲೇ ತೆಗೀತೀವಿ ಅಂದಿದ್ರೆ? ಆಗ್ಲೂ ಹೇಳ್ತಿದ್ರಾ?”

ಅವರು ಸಿಂಕ್ ಹತ್ರ ಹೋಗಿ ಮಗಳ ಬೆನ್ನು ಸವರಿದ್ರು.

“ಮಗಳಿಗೆ ನೀವು ಹೇಳಿರೋದು ಅದೇ ಅಲ್ವಾ? ಅದಕ್ಕೇ ಬಾಯಿಗೆ ಬೀಗ ಹಾಕ್ಕೊಂಡಿದಾಳೆ. ಆ ತಲೆಗೆ ಇನ್ನೊಂದು ಪೆಟ್ಟು ಬಿದ್ರೆ ಜೀವಕ್ಕೇ ಕುತ್ತು. ನಡೀರಿ ಆಸ್ಪತ್ರೆಗೆ.”

ಡಾಕ್ಟರ್ ಪರೀಕ್ಷೆ ಮಾಡಿ, “ಮಿದುಳಿಗೆ ಏಟಾಗಿದೆ. ಪೂರ್ತಿ ವಾಸಿಯಾಗೋವರೆಗೆ ಮೈದಾನಕ್ಕೆ ಇಳೀಬಾರದು. ಆಮೇಲೆ ನಾವು ಹೇಳಿದ ಹಾಗೆ ಮೆಲ್ಲಗೆ ಶುರು ಮಾಡ್ಬೋದು” ಅಂದ್ರು. ಭಾನುವಾರ ಆಡೋಕಾಗಲ್ಲ ಅಂತ ಹುಡುಗಿ ಕೋಚ್‌ಗೆ ಮೆಸೇಜ್ ಹಾಕಿದ್ಲು. ಹೊರಗೆ ಬರ್ತಿದ್ದ ಹಾಗೇ ಅವಳಿಗೆ ಕೋಚ್ ಫೋನು: “ತಲೆನೋವಿಗೆಲ್ಲಾ ರಜಾನಾ? ಇದು ದೇಶದ ದೊಡ್ಡ ಲೀಗು!”

ಅವಳಪ್ಪ ಫೋನ್ ಕಿತ್ಕೊಂಡ್ರು. “ದೊಡ್ಡ ಲೀಗ್ ಅಂದ್ಮೇಲೆ ಒಬ್ಬ ಡಾಕ್ಟರ್‌ನ ಇಡೋಕೆ ಏನ್ರೀ ರೋಗ ನಿಮಗೆ? ಭಾನುವಾರ ನನ್ನ ಮಗಳು ಆಡಲ್ಲ. ಆಟ ಬಿಟ್ಲು ಅಂದ್ಕೋಬೇಡಿ. ವಾಸಿಯಾದ್ಮೇಲೆ ನಾನೇ ಕರ್ಕೊಂಡು ಬರ್ತೀನಿ!”

ಹುಡುಗಿ ಅಪ್ಪನ ತೋಳು ಹಿಡ್ಕೊಂಡು ಗೊಳೋ ಅಂತ ಅತ್ಲು. “ಅಪ್ಪಾ, ತಲೆ ತುಂಬಾ ನೋಯ್ತಿದೆ” ಅಂತ ಆಗ ಬಾಯ್ಬಿಟ್ಲು.

ಅಪ್ಪಂದಿರೇ, ಅಮ್ಮಂದಿರೇ, ಆಡೋ ಮಕ್ಕಳ ತಲೆಗೆ ಪೆಟ್ಟು ಬಿದ್ರೆ ತಕ್ಷಣ ಆಟ ನಿಲ್ಲಿಸಿ. ಅವತ್ತು ಮತ್ತೆ ಇಳಿಸಲೇಬೇಡಿ. ತಲೆನೋವು, ವಾಂತಿ, ಮರೆವು, ಮಂಪರು ಏನೇ ಕಂಡ್ರೂ ಆಸ್ಪತ್ರೆಗೆ ಓಡಿ. ಮೈದಾನದಲ್ಲಿ ಡಾಕ್ಟರ್ ಎಲ್ಲಿ ಅಂತ ಕ್ಲಬ್‌ನೋರನ್ನ ಜೋರಾಗೇ ಕೇಳಿ. ಮನೇಲಿ ಮಾತ್ರ ದನಿ ಇಳಿಸಿ. ಆಟ ಬಿಡಿಸ್ತೀನಿ ಅಂತ ಹೆದರಿಸಿದ್ರೆ ಮಕ್ಕಳು ಆಟ ಬಿಡಲ್ಲ, ನಿಮಗೆ ಹೇಳೋದನ್ನ ಬಿಡ್ತಾರೆ.