ಹೊರಟವರನ್ನು ಕೇಳಬಾರದು

ಮೈಕಿನ ವೈರು ಒಣಹಾಕಿದ ಕಾಫಿ ಬೀಜದ ಮೇಲೇ ಹಾದುಹೋಗಿದೆ, ಯಾರಾದರೂ ಎಡವಿದರೆ ಮೈಕೂ ಬೀಳುತ್ತದೆ, ಬೀಜವೂ ಚೆಲ್ಲಾಪಿಲ್ಲಿ, ಇಷ್ಟು ಹೊತ್ತಿಗೆ ಒಂದು ಸಲ ಮಗುಚಿ ಹಾಕಬೇಕಿತ್ತು, ಇಷ್ಟು ಒಳ್ಳೆಯ ಬಿಸಿಲು ಸುಮ್ಮನೆ ದಂಡ — ಬೆಳಿಗ್ಗೆಯೇ ಮೇಸ್ತ್ರಿ ಭೂತಯ್ಯ ಕೂಲಿಯವರ ಲೈನ್ ಮನೆಗಳ ಮುಂದೆ ಕೂಗಿಕೊಂಡು ಹೋಗಿದ್ದ, ಎಲ್ಲ ಕಣಕ್ಕೆ ಬನ್ನಿ, ಮಕ್ಕಳ ಕಳ್ಳಸಾಗಣೆ ವಿಷಯ ಮೀಟಿಂಗ್ ಉಂಟು, ದ್ಯಾವಮ್ಮ ಮಾತಾಡ್ತಾಳೆ. ದ್ಯಾವಮ್ಮ ಮಾತಾಡ್ತಾಳೆ ಅಂದಾಗ ದ್ಯಾವಮ್ಮನಿಗೇ ಅದು ಬೇರೆ ಯಾರದೋ ಹೆಸರು ಅನ್ನಿಸಿತ್ತು. ಕಳ್ಳಸಾಗಣೆ ಅಂದರೆ ಗಂಧದ ಮರ, ಬೀಟೆ ಮರ, ಟಾರ್ಪಾಲು ಮುಚ್ಚಿದ ಲಾರಿ, ಹಿಂದೆ ಓಡುವ ಗಾರ್ಡು, ಅಷ್ಟೇ ಅಂತ ಅವಳು ತಿಳಿದದ್ದು. ಮಗಳು ಹಾಡುಹಗಲು ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡು, ಎಸ್ಟೇಟಿನ ಗೇಟಿನಲ್ಲಿ ಜೀಪು ಹತ್ತಿ, ಕೈ ಬೀಸಿಕೊಂಡು ಹೋದದ್ದಕ್ಕೂ ಅದೇ ಹೆಸರು ಅಂತ ಹೇಳಿಕೊಟ್ಟವರು ಅಮೂಲ್ಯಾ ಮೇಡಂ, ಚಿಕ್ಕಮಗಳೂರಿನ ಸಂಸ್ಥೆಯವರು, ನೋಡಿದರೆ ಇನ್ನೂ ಕಾಲೇಜು ಹುಡುಗಿ ಹಾಗಿದ್ದಾರೆ. ನೀವು ಹೇಳಿದ್ರೆ ಕೇಳ್ತಾರೆ ದ್ಯಾವಮ್ಮ, ನಾವು ಹೇಳಿದ್ರೆ ಟೀ ಕುಡಿದು ಎದ್ದು ಹೋಗ್ತಾರೆ. ಆಯ್ತು ಮೇಡಂ, ಹೇಳ್ತೀನಿ. ಏನಂತ ಹೇಳುವುದು, ಎಲ್ಲಿಂದ ಶುರು ಮಾಡುವುದು, ಪಕ್ಕದ ಕುರ್ಚಿ ಖಾಲಿ, ಅದು ಮಗಳು ಧನ್ಯಾಳಿಗೆ ಅಂತ ಹಾಕಿದ ಕುರ್ಚಿ, ಅವಳು ಕೂತಿಲ್ಲ, ಅಲ್ಲಿ ಸ್ಟೋರಿನ ಗೋಡೆಗೆ ಒರಗದೆ ನಿಂತಿದ್ದಾಳೆ, ಗೋಡೆ ಇದ್ದೂ ಒರಗದೆ.

ಗುಲಾಬಿಯಿಂದ ಶುರು ಮಾಡಬೇಕು. ಗುಲಾಬಿ ಹೊರಗಿನವಳಾಗಿದ್ದರೆ ನಾಯಿ ಬಿಟ್ಟು ಓಡಿಸಬಹುದಿತ್ತು, ಅವಳು ಇದೇ ಲೈನಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಬೆಳೆದವಳು, ಧನ್ಯಾ ಹುಟ್ಟಿದಾಗ ಬಿಸಿನೀರು ಕಾಯಿಸಿ ಕೊಟ್ಟವಳು, ಪೇಟೆ ಸೇರಿ ಮೈಕೈ ತುಂಬಿಕೊಂಡು ಕಾಫಿ ಹೂ ಬಿಡಿಸುವ ಹೂಮಳೆಗೆ ಮುಂಚೆ ಬಂದಳು, ಕಾಲು ಚಾಚಿ ಕೂತು ಕಾಫಿ ಕುಡಿದಳು, ದೊಡ್ಡೋರ ಮನೆ ಕಣಕ್ಕ, ಒಂದು ಪಾಪು ಆಡಿಸ್ಕೊಂಡಿದ್ರೆ ಆಯ್ತು, ಪಕ್ಕದಲ್ಲೇ ಶಾಲೆ, ಇಲ್ಲಿದ್ದು ಎಂತ ಮಾಡ್ತಾಳೆ, ನಿನ್ನ ಹಾಗೆ ಕಾಫಿ ಹಣ್ಣು ಕೊಯ್ಯೋದೇ ಅಲ್ವಾ. ಅಲ್ವಾ ಅಂದಳು, ಹೌದಲ್ಲ ಅನ್ನಿಸಿತು. ಹೊರಡುವ ದಿನ ದ್ಯಾವಮ್ಮ ಆ ಮಹಾತಾಯಿಗೆ ಹಣೆಗೆ ಕುಂಕುಮ ಇಟ್ಟಳು, ರವಿಕೆ ಬಟ್ಟೆ ಕೊಟ್ಟಳು, ಹಲಸಿನ ಹಪ್ಪಳ ಕಟ್ಟಿಕೊಟ್ಟಳು — ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ. ನಾಲಿಗೆ ತುದಿಗೆ ಬಂದಿತ್ತು, ಎಲ್ಲಿ — ಅಂತ. ನುಂಗಿಕೊಂಡಳು. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಚಿಕ್ಕವಳಿದ್ದಾಗ ಅಪ್ಪ ಕಳಸಕ್ಕೆ ಹೊರಟಾಗ ಎಲ್ಲಿಗಪ್ಪಾ ಅಂದಿದ್ದಳು, ಅವ್ವ ಬೆನ್ನಿಗೆ ಬಿಟ್ಟ ಗುದ್ದು, ಅಪ್ಪ ಚಪ್ಪಲಿ ಕಳಚಿ ಒಳಗೆ ಬಂದು ಕೂತು ನೀರು ಕುಡಿದು, ಸ್ವಲ್ಪ ಹೊತ್ತು ತಡೆದು ಮತ್ತೆ ಹೊರಟದ್ದು, ಆ ಗುದ್ದು ಮೈಗೆ ಬಂದ ಬುದ್ಧಿ. ಹಾಗಾಗಿ ಎಲ್ಲರೂ ಕೇಳುವ ಹಾಗೆಯೇ ಕೇಳಿದಳು, ದೂರ ಹೊರಟ್ರಾ? ಗುಲಾಬಿ ನಕ್ಕಳು, ಹೂಂ ಅಕ್ಕ, ದೂರ. ಜೀಪು ಕೊಟ್ಟಿಗೆಹಾರದ ಕಡೆ ತಿರುಗಿತು. ಮೊದಮೊದಲು ಫೋನು ಬಂತು, ಊಟ ಆಯ್ತವ್ವ, ಚೆನ್ನಾಗಿದೀನವ್ವ, ಹಿಂದೆ ಯಾರೋ ಹೇಳಿಕೊಟ್ಟ ಹಾಗೆ ಮಾತು, ಆಮೇಲೆ ಗುಲಾಬಿಯ ನಂಬರು ಸ್ವಿಚ್ ಆಫ್, ಆಮೇಲೆ ಅದೂ ಇಲ್ಲ. ಸ್ಟೇಷನ್ನಿನಲ್ಲಿ ಮೊದಲು ಕೇಳಿದ್ದೇ ಅದು, ಎಲ್ಲಿಗೆ ಕಳಿಸಿದ್ದಮ್ಮಾ? ದೂರ, ಸಾರ್. ದೂರ ಅಂದ್ರೆ? ಕೊಟ್ಟಿಗೆಹಾರದಿಂದ ಘಟ್ಟ ಇಳಿದ್ರೆ ಮಂಗಳೂರು, ಇತ್ಲಾಗೆ ಹೋದ್ರೆ ಬೆಂಗಳೂರು, ಇಳಿದ್ರಾ ಹೋದ್ರಾ? ಗೊತ್ತಿಲ್ಲ ಸಾರ್. ಹೆತ್ತೋಳು ಅಂತೀಯ, ಅಷ್ಟೂ ಕೇಳಲಿಲ್ವಾ? ಶಕುನ ಕೆಡುತ್ತೆ ಅಂತ ಕೇಳಲಿಲ್ಲ ಅಂದರೆ ಆ ಸಾಹೇಬರು ಏನು ಅಂದುಕೊಂಡಾರು, ಅವರ ಮನೆಯಲ್ಲೂ ಯಾರೂ ಕೇಳುವುದಿಲ್ಲ, ಅವರೂ ಇಲ್ಲಿಯವರೇ, ಅದಕ್ಕೇ ಇರಬೇಕು ಅವರೂ ತಲೆ ತಗ್ಗಿಸಿದ್ದು.

ಸಿಕ್ಕಳಲ್ಲ, ದೇವರು ದೊಡ್ಡವನು, ಸಿಕ್ಕಳಲ್ಲ ಅಂತ ಲೈನಿನವರೆಲ್ಲ ಬಂದು ಹೇಳಿದರು. ಬೆಂಗಳೂರಿನ ಒಂದು ಎತ್ತರದ ಮನೆಯ ಬಾಲ್ಕನಿಯಲ್ಲಿ ದಿನಾ ನಸುಕಿನಲ್ಲಿ ಒಂದು ಮಗು ಚಳಿಯಲ್ಲಿ ನೆಲ ತಿಕ್ಕುವುದನ್ನು ಎದುರು ಮನೆಯವರು ಯಾರೋ ನೋಡಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದ್ದು, ಯಾರೋ ಪುಣ್ಯವಂತರು, ಅವರ ಹೊಟ್ಟೆ ತಣ್ಣಗಿರಲಿ. ಶಾಲೆ ಇರಲಿಲ್ಲ, ಪಾಪುವೂ ಇರಲಿಲ್ಲ, ಪಾತ್ರೆ ಇತ್ತು, ನೆಲ ಇತ್ತು, ಹೊರಗಿನಿಂದ ಬೀಗ ಇತ್ತು, ಬೀಗ ಹಾಕುವ ಆಂಟಿ ಒಬ್ಬಳು ಇದ್ದಳು. ಸಿಕ್ಕಳು ಅಂತಾರೆ, ಸಿಕ್ಕಿದ್ದಾಳೆಯೇ? ಮನೆಗೆ ಬಂದ ದಿನ ಮೀನು ಸಾರು ಮಾಡಿದ್ದಳು ದ್ಯಾವಮ್ಮ, ಬಾ ಮಗಾ ಕೂತ್ಕೋ ಅಂದರೆ ಬಾಗಿಲ ಹತ್ತಿರ ನಿಂತೇ ಇದ್ದಳು, ಕಣ್ಣು ಅವ್ವನ ತಟ್ಟೆಯ ಮೇಲೆ, ಕೊನೆಯ ತುತ್ತು ಬಾಯಿಗೆ ಹೋಗುತ್ತಲೂ ತಟ್ಟೆ ಮಾಯ, ತೊಳೆದೂ ಆಯಿತು. ನೀರಿನ ಲೋಟ ತಂದುಕೊಟ್ಟಾಗ ದ್ಯಾವಮ್ಮ ನೋಡಿದಳು — ಅಂಗೈ ಅಡಿಗೆ, ಹೆಬ್ಬೆರಳು ಮಡಚಿ ಒಳಗೆ. ಅದೇನು ಮಗಾ ಹಂಗೆ ಹಿಡೀತೀಯ? ಅಂಚು ಮುಟ್ಟಬಾರದು, ಅಂದಳು, ಅಷ್ಟೇ. ಒಳಗೆ ಹೋಗಲಾ, ನೀರು ಕುಡೀಲಾ, ಬಚ್ಚಲಿಗೆ ಹೋಗಲಾ, ಎಲ್ಲಕ್ಕೂ ಕೇಳುತ್ತಾಳೆ, ಒಂದು ಸಲವೂ ಕರೆದು ಕೇಳುವುದಿಲ್ಲ. ಅವ್ವ ಅನ್ನುವುದಿಲ್ಲ. ಅವ್ವೋ ಅಂತ ಕೆಳಗಿನ ಹಳ್ಳದಿಂದ ಕೂಗಿದರೆ ಮೇಲಿನ ತೋಟದ ಪಟ್ಟೆಯಲ್ಲಿ ಹಣ್ಣು ಕೊಯ್ಯುವವರೆಲ್ಲ ತಿರುಗಿ ನೋಡಬೇಕು, ಅಂಥಾ ಗಂಟಲು, ಏನೇ ನಿನ್ನ ಮಗಳ ಗಂಟಲು ಅಂತ ನಗುತ್ತಿದ್ದರು, ಆ ಗಂಟಲನ್ನು ಯಾರು ಕಿತ್ತುಕೊಂಡರು. ಒತ್ತಾಯ ಮಾಡ್ಬೇಡಿ ದ್ಯಾವಮ್ಮ, ತಾನಾಗೇ ಬರುತ್ತೆ ಅಂದಿದ್ದಾರೆ ಮೇಡಂ, ದ್ಯಾವಮ್ಮ ಕಾಯುತ್ತಿದ್ದಾಳೆ, ಒಲೆ ಮುಂದೆ, ತೋಟದಲ್ಲಿ, ಬಚ್ಚಲಲ್ಲಿ ಮುಖ ತೊಳೆಯುವಾಗಲೂ ಕಿವಿ ಹಿಂದೆಯೇ, ಒಂದು ಸಲ, ಮೆಲ್ಲಗಾದರೂ ಸರಿ, ಬೈಯುವಾಗಲಾದರೂ ಸರಿ, ಅವ್ವ ಅನ್ನಲಿ, ಬೇರೆ ಏನೂ ಬೇಡ.

ಇನ್ನೊಂದು ಪಕ್ಕದ ಕುರ್ಚಿಯಿಂದ ಎಸ್ಟೇಟ್ ಯಜಮಾನರ ಮನೆಯ ಮಾಲವಿಕಮ್ಮ ಬಾಗಿದರು, ಸೀರೆಯಿಂದ ಒಳ್ಳೆಯ ವಾಸನೆ, ಇದೇನಾ ನಿನ್ನ ಮಗಳು? ಪಾಪ, ಎಷ್ಟು ಒಪ್ಪ ಓರಣ, ಸುಮ್ನೆ ನಿಂತಿದಾಳೆ ನೋಡು, ಬಂಗಾರದಂಥ ಹುಡುಗಿ, ಲೈನಲ್ಲಿ ಇಟ್ಕೊಂಡು ಎಂತ ಮಾಡ್ತೀಯ ಮಾರಾಯ್ತಿ, ನಮ್ಮನೇಲಿ ಇರಲಿ ಬಿಡು, ಮನೆ ಮಗಳ ಹಾಗೆ ನೋಡ್ಕೋತೀವಿ, ಶಾಲೆಗೂ ಕಳಿಸೋಣ. ಕೆಟ್ಟವರಲ್ಲ ಮಾಲವಿಕಮ್ಮ, ಜ್ವರ ಬಂದರೆ ಮಾತ್ರೆ ಕಳಿಸುತ್ತಾರೆ, ಈ ಮೀಟಿಂಗಿಗೆ ಕಣ ಬಿಟ್ಟುಕೊಟ್ಟವರೂ ಅವರೇ, ಹಿಂದಿನ ಬ್ಯಾನರಿನಲ್ಲಿ ಮಕ್ಕಳನ್ನು ರಕ್ಷಿಸಿ ಅಂತ ದೊಡ್ಡದಾಗಿ ಬರೆದಿದೆ, ಅದರ ಕೆಳಗೇ ಕೂತು ಈ ಮಾತು, ಮನೆ ಮಗಳ ಹಾಗೆ, ಹಾಗೆ, ಹಾಗೆ ಅಂದರೇನು, ಅವಳು ಮನೆ ಮಗಳೇ ಅಲ್ಲವೇ, ನನ್ನ ಮನೆಯ ಮಗಳು. ಬೇಡ ಅಮ್ಮಾವ್ರೇ, ಅಂದಳು. ಯಜಮಾನರ ಮನೆಯವರಿಗೆ ಬೇಡ ಅಂದದ್ದು ಹುಟ್ಟಿದ ಮೇಲೆ ಇದೇ ಮೊದಲು. ಮಾಲವಿಕಮ್ಮನ ನಗು ಮುಖದಲ್ಲೇ ನಿಂತಿತು, ನಾಳೆ ಭೂತಯ್ಯ ಏನಾದರೂ ಅಂದಾನು, ಅನ್ನಲಿ. ದ್ಯಾವಮ್ಮ ಅಂತ ಮೈಕಿನಲ್ಲಿ ಕರೆದರು, ಎದ್ದಳು, ವೈರು ದಾಟಿದಳು, ಎದುರಿಗೆ ಇಡೀ ಲೈನು, ತಲೆಗೆ ಟವೆಲ್ ಸುತ್ತಿದ ಹೆಂಗಸರು, ಮಡಿಲಲ್ಲಿ ಮಕ್ಕಳು, ಜಾರ್ಖಂಡಿನಿಂದ ಕೂಲಿಗೆ ಬಂದವರೂ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ, ಅವರಿಗೆ ಕನ್ನಡ ಎಷ್ಟು ತಿಳಿಯುತ್ತದೋ. ನಾನು ಭಾಷಣ ಕಲಿತೋಳಲ್ಲ, ಅಂದಳು, ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಸ್ಪೀಕರಿನಲ್ಲಿ ಅವಳ ದನಿ ಅವಳಿಗೇ ಹೆದರಿಕೆ ಹುಟ್ಟಿಸಿತು, ಒಂದೇ ಮಾತು ಹೇಳ್ತೀನಿ, ಮಕ್ಕಳನ್ನ ಕರ್ಕೊಂಡು ಹೋಗೋರು ಬಂದ್ರೆ ಎಲ್ಲಿಗೆ ಅಂತ ಕೇಳಿ. ಬಾಗಿಲಲ್ಲೇ ಕೇಳಿ. ಶಕುನ ಕೆಟ್ರೆ ಕೆಡಲಿ, ಪ್ರಯಾಣ ನಿಂತ್ರೆ ನಿಲ್ಲಲಿ, ನಿಲ್ಲಬೇಕು ಅಂತಲೇ ಕೇಳಿ. ಯಾವ ಊರು, ಯಾವ ಬೀದಿ, ಯಾರ ಮನೆ, ನಾನೂ ಬರ್ತೀನಿ ನೋಡ್ತೀನಿ ಅನ್ನಿ. ನೆಂಟರಾದ್ರೂ ಕೇಳಿ, ಹೆರಿಗೆಗೆ ನೀರು ಕಾಯಿಸಿದೋಳಾದ್ರೂ ಕೇಳಿ. ಮುಂದಿನ ಸಾಲಿನ ಒಬ್ಬ ಅಜ್ಜಿ ಬಿಡ್ತು ಅನ್ನು ಅಂತ ಕೆನ್ನೆ ಬಡಿದುಕೊಂಡಳು, ಅವಳ ಹಿಂದೆ ಕೂತ ಹರೆಯದ ತಾಯಿಯೊಬ್ಬಳು ಮಗುವನ್ನು ಎದೆಗೆ ಎಳೆದುಕೊಂಡಳು, ಅಷ್ಟು ಸಾಕು, ಅಷ್ಟು ಜನ ಕೇಳಿದರೂ ಸಾಕು.

ಟೀ ಬಂತು, ಭೂತಯ್ಯನ ಕೈಯಿಂದ ಟ್ರೇ ಯಾವಾಗ ಧನ್ಯಾಳ ಕೈಗೆ ಹೋಯಿತೋ, ಕೊಡು ಅಂತ ಯಾರೂ ಹೇಳಲಿಲ್ಲ, ಸಾಲು ಸಾಲಾಗಿ ಕೊಡುತ್ತ ಬರುತ್ತಿದ್ದಾಳೆ, ಸದ್ದಿಲ್ಲ, ಮೊದಲು ಮಾಲವಿಕಮ್ಮನಿಗೆ, ಆಮೇಲೆ ಮೇಡಂಗೆ, ಮೇಡಂ ಎದ್ದು ನಿಂತು ಟ್ರೇ ಕೊಡು ಪುಟ್ಟಿ ಅನ್ನುತ್ತಿದ್ದಾರೆ, ಕೊಡುತ್ತಿಲ್ಲ, ಈಗ ಈ ಕಡೆಗೇ ಬರುತ್ತಿದ್ದಾಳೆ, ಬೀಜ ತುಳಿಯದ ಹಾಗೆ, ವೈರು ದಾಟಿ, ನನ್ನ ಕಡೆಗೇ, ನನಗೇ, ಈಗ ಕರೆಯುತ್ತಾಳೆ, ಇಷ್ಟು ಜನರ ಮುಂದೆ ಕರೆಯಲೇಬೇಕಲ್ಲ, ಮೈಕು ಇನ್ನೂ ಬಾಯಿ ಹತ್ತಿರ, ನೀನು ಕುಡಿ ಮಗಾ, ನೀನು ಕುಡಿ, ತುಟಿ ತೆರೆಯಿತು, ಹೇಳು ಕಂದಾ ಹೇಳು — ತಗೊಳ್ಳಿ, ಆಂಟಿ. ಮೈಕಿಗೆ ಬಿತ್ತು, ಸಿಲ್ವರ್ ಮರದಿಂದ ಇಡೀ ತೋಟಕ್ಕೆ ಬಿತ್ತು, ಆಂಟಿ, ಹಳ್ಳದ ಆಚೆಯ ಗುಡ್ಡದಿಂದ ಮತ್ತೊಂದು ಸಲ, ಆಂಟಿ. ಅವಳು ತಲೆ ಎತ್ತಲಿಲ್ಲ. ಟ್ರೇ ಅಲ್ಲಾಡಲಿಲ್ಲ. ಒಂದೇ ಲೋಟ ಉಳಿದಿದೆ, ಹೊಗೆಯಾಡುತ್ತಿದೆ, ಟ್ರೇಯ ಅಡಿಯಲ್ಲಿ ಎರಡು ಪುಟ್ಟ ಅಂಗೈ, ಹೆಬ್ಬೆರಳು ಮಡಚಿ ಒಳಗೆ — ಹೆಬ್ಬೆರಳು ಮಡಚಿ ಒಳಗೆ